ಬಾಣಲೆಯ ಮೊದಲ ಸುತ್ತು

ಮೊದಲ ಸುತ್ತು ನಿನ್ನ ಮಗಳದು ಎಂದು ಸೈಕಲ್ ಕ್ಲಬ್ಬಿನ ಕಾರ್ಯದರ್ಶಿ ಪಾಲಿಶಕ್ಕನಿಗೆ ಮಾತು ಕೊಟ್ಟದ್ದು ಕೇರಿಯ ನಲ್ಲಿಯ ಹತ್ತಿರ, ಕೊಡ ಹಿಡಿದು ನಿಂತವರೆಲ್ಲರ ಮುಂದೆ. ಅದಾಗಿ ವರ್ಷಗಳೇ ಕಳೆದವು.

ಆಗ ಅಲ್ಲಿ ಟ್ರ್ಯಾಕ್ ಇರಲಿಲ್ಲ. ಕೇರಿಯ ಹಿಂದೆ ಒಂದು ಬಯಲಿತ್ತು. ಅಲ್ಲಿ ಕೇರಿಯ ಬಟ್ಟೆ ಒಣಗುತ್ತಿತ್ತು. ಮಕ್ಕಳು ಆಡುತ್ತಿದ್ದವು. ಸಂಜೆ ಗಂಡಸರು ಇಸ್ಪೀಟು ಹಾಕುತ್ತಿದ್ದರು. ಬಯಲು ಯಾರದು ಎಂದು ಯಾರೂ ಕೇಳಿರಲಿಲ್ಲ. ಕೇಳಬೇಕಾಗಿ ಬಂದದ್ದು ಕ್ಲಬ್ಬಿನವರು ಬಂದು ಮೂಲೆ ಮೂಲೆಗೆ ಗೂಟ ಹೊಡೆದ ದಿನ. ಕೇರಿ ಗೂಟ ಕಿತ್ತಿತು. ಅವರು ಮತ್ತೆ ಹೊಡೆದರು. ಇವರು ಮತ್ತೆ ಕಿತ್ತರು. ಆಮೇಲೆ ಕಾರ್ಯದರ್ಶಿಯೇ ಬಂದ. ಬುದ್ಧಿವಂತ. ಪೊಲೀಸರನ್ನು ತರಲಿಲ್ಲ, ನಗು ತಂದ.

ಅವನು ಮಾತಾಡುತ್ತಿರುವಾಗಲೇ ಇಳಿಜಾರು ರಸ್ತೆಯಿಂದ ಒಂದು ಸೈಕಲ್ ಬಾಣದಂತೆ ಇಳಿದು ಬಂತು. ಹಿಂದೆ ಬ್ರೆಡ್ಡಿನ ದೊಡ್ಡ ಡಬ್ಬ. ಅದರ ಹಿಂದೆ ಎಲ್ಲೋ ದೂರದಲ್ಲಿ, ಬಣ್ಣದ ಅಂಗಿ ತೊಟ್ಟ ಕ್ಲಬ್ಬಿನ ಇಬ್ಬರು ಹುಡುಗರು ಏದುಸಿರು ಬಿಡುತ್ತಾ ಬರುತ್ತಿದ್ದರು. ಹುಡುಗಿ ನಲ್ಲಿಯ ಹತ್ತಿರ ಕಾಲೂರಿ ನಿಂತಳು. ಬೆವರೂ ಇರಲಿಲ್ಲ. ಕೇರಿ ಅವಳನ್ನು ಕರೆಯುತ್ತಿದ್ದದ್ದು ಗಿರಗಿಟ್ಲೆ ಎಂದು.

"ಇವಳು ಯಾರ ಮಗಳು?" ಎಂದ ಕಾರ್ಯದರ್ಶಿ.

"ನನ್ನ ಮಗಳೇ ಸಾರ್," ಎಂದಳು ಪಾಲಿಶಕ್ಕ. ಊರಿನ ದೊಡ್ಡ ಹೋಟೆಲಿನಲ್ಲಿ ನೆಲ ಉಜ್ಜಿ ಹೊಳೆಸುವುದು ಅವಳ ಕೆಲಸ. ಹಾಗಾಗಿ ಆ ಹೆಸರು. ಗಂಡ ಸತ್ತ ಮೇಲೆ ಮಗಳನ್ನು ಬೆಳೆಸಿದ್ದು ಅವಳ ಎರಡು ಮಂಡಿಗಳೇ.

"ಇವಳು ಬ್ರೆಡ್ ಹಾಕ್ಕೊಂಡು ತಿರುಗೋಳಲ್ಲಮ್ಮ. ಇವಳಿಗೆ ಬೇಕಾದ್ದು ಟ್ರ್ಯಾಕು. ಹಲಗೆ ಹಾಸಿದ ಟ್ರ್ಯಾಕು. ನಾವು ಕಟ್ಟೋದು ಇಂಥ ಮಕ್ಕಳಿಗೇ. ಎಲ್ಲಾ ಸೇರಿ ಕಟ್ಟೋಣ, ಶ್ರಮದಾನ. ಮುಗಿದ ದಿನ ಮೊದಲ ಸುತ್ತು ನಿನ್ನ ಮಗಳದು. ಇದು ನನ್ನ ಮಾತು."

ಗುಜರಿ ತಗಡು ಆಯ್ದು ಬದುಕುವ ಮುದುಕಿ ತಗಡಜ್ಜಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, "ಮಾತೂ ಈ ನಲ್ಲಿ ಥರಾನೇ. ಬಂದಾಗ ಜೋರು. ಆಮೇಲೆ ಬರೀ ಗಾಳಿ," ಎಂದಳು.

ಎಲ್ಲರೂ ನಕ್ಕರು. ಕಾರ್ಯದರ್ಶಿಯೂ ನಕ್ಕ. ಮರುದಿನ ಹೊಡೆದ ಗೂಟಗಳನ್ನು ಯಾರೂ ಕೀಳಲಿಲ್ಲ. ಪಾಲಿಶಕ್ಕನೇ ಕೀಳಬೇಡಿ ಎಂದಿದ್ದಳು.

ಅಲ್ಲಿಂದ ಶುರುವಾಯಿತು ದುಡಿತ.

ಟ್ರ್ಯಾಕ್ ಎಂದರೆ ರಸ್ತೆಯಲ್ಲ. ಎರಡು ತುದಿಯ ತಿರುವಿನಲ್ಲಿ ಅದು ಗೋಡೆಯ ಹಾಗೆ ಮೇಲೇಳುತ್ತದೆ. ದೂರದಿಂದ ನೋಡಿದರೆ ನೆಲದಲ್ಲಿ ಹೂತ ದೊಡ್ಡ ಬಾಣಲೆ. ಕೇರಿಯವರು ಹಾಗೇ ಕರೆದರು, ಬಾಣಲೆ. ಆ ಬಾಣಲೆಗೆ ಮಣ್ಣು ಹೊತ್ತವರು ಕೇರಿಯ ಹೆಂಗಸರು. ಮನೆಗೆಲಸ ಮುಗಿಸಿ, ಹೋಟೆಲು ಮುಗಿಸಿ, ಇಸ್ತ್ರಿ ಅಂಗಡಿ ಮುಚ್ಚಿ ಬರುತ್ತಿದ್ದರು. ತಲೆಯ ಮೇಲೆ ಪುಟ್ಟಿ. ಪುಟ್ಟಿಯ ಭಾರಕ್ಕೆ ಕುತ್ತಿಗೆಯ ನರ ಹಗ್ಗದಂತೆ ಉಬ್ಬುತ್ತಿತ್ತು. ಮಣ್ಣಾದ ಮೇಲೆ ತೊಲೆ. ತೊಲೆಯಾದ ಮೇಲೆ ಹಲಗೆ. ಹಲಗೆ ಹೊತ್ತ ಹೆಗಲು ಸುಲಿದು, ಸುಲಿದ ಮೇಲೆ ಗಟ್ಟಿಯಾಗಿ, ಗಟ್ಟಿಯಾದ ಮೇಲೆ ಮತ್ತೆ ಸುಲಿಯಿತು.

ಕೂಲಿ ಕೇಳಿದರೆ ಕಾರ್ಯದರ್ಶಿಗೆ ನಿಜಕ್ಕೂ ನೋವಾಗುತ್ತಿತ್ತು. "ನಿಮ್ಮ ಮನೆ ಕಟ್ಟೋಕೆ ನೀವೇ ಕೂಲಿ ಕೇಳ್ತೀರಾ?" ಎನ್ನುತ್ತಿದ್ದ.

ಸಂಬಳ ಇದ್ದದ್ದು ಕೇರಿಯ ಬಡಗಿಗೆ ಮಾತ್ರ. ಪಾಲಿಶಕ್ಕ ಅವನನ್ನು ಅಣ್ಣ ಎನ್ನುತ್ತಿದ್ದಳು. ಗಿರಗಿಟ್ಲೆಗೆ ಅವನು ಮಾವ.

ಭಾನುವಾರ ಕ್ಲಬ್ಬಿನವರು ಬರುತ್ತಿದ್ದರು. ಕಿತ್ತಳೆ ಬಣ್ಣದ ಟೀ ಶರ್ಟು, ಬೆನ್ನ ಮೇಲೆ "ಸ್ವಯಂಸೇವಕ". ಕೈಗೆ ಗ್ಲೌಸು. ಒಂದೊಂದು ಹಲಗೆಯನ್ನು ಇಬ್ಬರಿಬ್ಬರಾಗಿ ಎತ್ತಿ, ಫೋಟೋ ತೆಗೆಸಿಕೊಂಡು, ಇಳಿಸುತ್ತಿದ್ದರು. ಸೋಮವಾರ ಆ ಹಲಗೆಯನ್ನು ಕೇರಿಯವರು ಎತ್ತಿ ಸರಿಯಾದ ಜಾಗಕ್ಕೆ ಒಯ್ಯುತ್ತಿದ್ದರು. ಕ್ಲಬ್ಬಿನ ಆಫೀಸಿಗೆ ಶೌಚಾಲಯ ಕಟ್ಟಲು ಇಟ್ಟಿಗೆ ಹೊತ್ತವರೂ ಇದೇ ಹೆಂಗಸರು. ಕಟ್ಟಿ ಮುಗಿದ ದಿನ ಅದಕ್ಕೆ ಬೀಗ ಬಿತ್ತು. ಸದಸ್ಯರಿಗೆ ಮಾತ್ರ. ಹೆಂಗಸರು ಹೊಟ್ಟೆ ಹಿಡಿದುಕೊಂಡು ಮನೆಯವರೆಗೆ ಓಡುತ್ತಿದ್ದರು. ಇಸ್ತ್ರಿಯವಳ ಪಾದಕ್ಕೆ ಒಮ್ಮೆ ಮೊಳೆ ಹೊಕ್ಕು ಆ ಕಡೆ ಬಂತು. ಸ್ವಯಂಸೇವಕರಲ್ಲಿ ಒಬ್ಬ ಡಾಕ್ಟರಿದ್ದ. ಬಗ್ಗಿ ನೋಡಿದ. ಮುಟ್ಟಲಿಲ್ಲ. "ಮನೆಗೆ ಹೋಗಿ ಚೆನ್ನಾಗಿ ತೊಳ್ಕೊಳ್ಳಮ್ಮ," ಎಂದ.

ಇಷ್ಟಾದರೂ ಪಾಲಿಶಕ್ಕ ಒಂದು ದಿನ ತಪ್ಪಿಸಲಿಲ್ಲ. ಬೇರೆಯವರು ಬಿಟ್ಟು ಹೋಗುತ್ತೇವೆ ಎಂದಾಗ ಇವಳೇ ಮನೆ ಮನೆಗೆ ಹೋಗಿ ಕರೆದು ತಂದಳು. ಗಿರಗಿಟ್ಲೆ ಬೆಳೆಯುತ್ತಿದ್ದಳು. ಬ್ರೆಡ್ಡು ಹಂಚಿ ಬಂದು ಬಾಣಲೆಯ ಅಂಚಿನಲ್ಲಿ ಕೂತು, ಹಲಗೆ ಹಲಗೆ ಸೇರುವುದನ್ನು ನೋಡುತ್ತಿದ್ದಳು. ಹಸಿದ ಮಗು ಒಲೆ ನೋಡುವ ಹಾಗೆ.

ಉದ್ಘಾಟನೆಗೆ ಕೆಲವೇ ದಿನ ಉಳಿದಿತ್ತು. ಕಾರ್ಯದರ್ಶಿ ಪಾಲಿಶಿನ ಡಬ್ಬಗಳನ್ನು ಇಳಿಸಿದ. ಹೋಟೆಲಿನ ಡಬ್ಬಗಳೇ. ಹೋಟೆಲಿನ ಯಜಮಾನನೇ ಕ್ಲಬ್ಬಿನ ಅಧ್ಯಕ್ಷ.

"ಮುಖ್ಯ ಅತಿಥಿ ಬಂದು ನಿಂತರೆ ಹಲಗೆಯಲ್ಲಿ ಮುಖ ಕಾಣಬೇಕು. ನಾಳೆ ಫೋಟೋದವರು ಬರ್ತಾರೆ. ನಿನ್ನ ಕೈಚಳಕ ತೋರಿಸು ನೋಡೋಣ."

ಬೇರೆ ಯಾವ ಕೆಲಸಕ್ಕೂ ಯಾರೂ ಹೀಗೆ ಅವಳನ್ನು ಕೇಳಿರಲಿಲ್ಲ. ಪಾಲಿಶಕ್ಕ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಳು. ಹೆಂಗಸರಿಗೂ ಕಟ್ಟಿದಳು. ತಿರುವಿನ ಗೋಡೆಗೆ ಹಲ್ಲಿಗಳ ಹಾಗೆ ಅಂಟಿಕೊಂಡು, ಅಂಗೈಗೆ ಬಟ್ಟೆ ಸುತ್ತಿ, ಸುತ್ತು ಸುತ್ತು ಉಜ್ಜಿದರು. ಹಚ್ಚಿದ್ದು ಒಣಗಿದ ಮೇಲೆ ಮತ್ತೆ ಹಚ್ಚಿದರು. ಮಗಳ ಚಕ್ರ ಇದರ ಮೇಲೆ ಉರುಳುತ್ತದೆ ಎಂದು ಪಾಲಿಶಕ್ಕ ಮಗಳ ತಲೆಗೆ ಎಣ್ಣೆ ಹಚ್ಚುವ ಹಾಗೆ ಹಚ್ಚಿದಳು. ಸಂಜೆಗೆ ಬಾಣಲೆ ಹೊಳೆಯಿತು. ತನ್ನ ಜೀವಮಾನದಲ್ಲಿ ಅವಳು ಅಷ್ಟು ಒಳ್ಳೆಯ ಕೆಲಸ ಮಾಡಿರಲಿಲ್ಲ.

ಮರುದಿನ ಫೋಟೋದವರು ಬಂದು ಹೋದರು. ಅವರು ಹೋಗುತ್ತಿದ್ದಂತೆ ಕಾರ್ಯದರ್ಶಿ ಹೇಳಿಕಳಿಸಿದ. ಗಿರಗಿಟ್ಲೆಯನ್ನು ಕರೆದುಕೊಂಡು ಬಾ.

"ಮೊದಲ ಸುತ್ತು ಇವತ್ತೇ ಹಾಕಿಬಿಡಲಿ," ಎಂದ.

"ಉದ್ಘಾಟನೆ ದಿನ ಅಲ್ವಾ ಸಾರ್?"

"ಅವತ್ತು ಗದ್ದಲ ಇರುತ್ತಮ್ಮ. ಮಾತು ಅಂದ್ರೆ ಮಾತು. ನಾನು ಮರೆತಿದ್ದೀನಿ ಅಂದ್ಕೊಂಡಿದ್ಯಾ?"

ಪಾಲಿಶಕ್ಕನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಅವನಿಗೆ ಕೈಮುಗಿದಳು.

ಕ್ಲಬ್ಬಿನ ಹುಡುಗರು ಕಟಕಟೆಯ ಮೇಲೆ ಸಾಲಾಗಿ ಕೂತಿದ್ದರು. ಯಾರೂ ಸವಾರಿಯ ಬೂಟು ಹಾಕಿಕೊಂಡಿರಲಿಲ್ಲ. ಒಂದು ಹಳೆಯ ಟ್ರ್ಯಾಕ್ ಸೈಕಲ್ ಕೊಟ್ಟರು. ಇಂಥ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಗಿರಗಿಟ್ಲೆ ಕ್ಲಬ್ಬಿನ ಅಂಗಳದಲ್ಲಿ ಇಂಥದನ್ನು ಎಷ್ಟೋ ಸಲ ಓಡಿಸಿದ್ದಳು. ಹತ್ತಿ ಕೂತಳು.

"ಹೆಲ್ಮೆಟ್ಟು?" ಎಂದಳು.

"ಒಂದು ಸುತ್ತಿಗೆ ಎಂಥ ಹೆಲ್ಮೆಟ್ಟು? ಬ್ರೆಡ್ ಹಂಚುವಾಗ ಹಾಕ್ಕೋತೀಯಾ?" ಎಂದ ಕಾರ್ಯದರ್ಶಿ. ಹುಡುಗರು ನಕ್ಕರು. ಗಿರಗಿಟ್ಲೆಯೂ ನಕ್ಕಳು. ಬಡಗಿ ಮಾತ್ರ ಸುತ್ತಿಗೆ ಎತ್ತಿಕೊಂಡು ಬಾಣಲೆಯ ಅಡಿಗೆ, ತೊಲೆಗಳ ನಡುವೆ ಹೋಗಿಬಿಟ್ಟ.

ನೇರ ದಾರಿಯಲ್ಲಿ ಹುಡುಗಿ ಹಾರಿದಳು. ಹಲಗೆ ಗುಂಯ್ ಎಂದಿತು. ಮೊದಲ ತಿರುವಿನ ಬುಡದಲ್ಲೇ ಸಾಗಿ ಹೊರಬಂದಳು. ಕೇರಿಯ ಹೆಂಗಸರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಎರಡನೆಯ ತಿರುವಿನಲ್ಲಿ ಧೈರ್ಯ ಬಂದು ಮೇಲಕ್ಕೆ, ಇನ್ನೂ ಮೇಲಕ್ಕೆ ಹತ್ತಿದಳು. ಅಲ್ಲಿ ಹಿಂದಿನ ಚಕ್ರ ಪಕ್ಕಕ್ಕೆ ಸರಿಯಿತು. ಸೋಪಿನ ತುಂಡು ಸರಿಯುವ ಹಾಗೆ. ಸೈಕಲ್ಲೂ ಹುಡುಗಿಯೂ ಒಟ್ಟಿಗೆ ಕೆಳಗೆ ಬಂದರು. ಅವಳ ತೊಡೆ ಹಲಗೆಗಳನ್ನು ಉದ್ದಕ್ಕೂ ಉಜ್ಜುತ್ತಾ ಬಂತು. ಕೆಳಗಿನ ಅಂಚಿಗೆ ಬಡಿದಾಗ ಒಂದು ಸದ್ದಾಯಿತು. ಒಣ ಕೊಂಬೆಯ ಸದ್ದು.

ಪಾಲಿಶಕ್ಕ ಓಡಿದಳು. ಎರಡು ಸಲ ಜಾರಿ ಬಿದ್ದಳು. ಮಗಳ ತೊಡೆಯಲ್ಲಿ ಹಲಗೆಯ ಸಿಬಿರು, ಗೇಣುದ್ದ, ಚರ್ಮದ ಕೆಳಗೆ ಮಲಗಿತ್ತು. ರಕ್ತ ಹಲಗೆಯೊಳಗೆ ಇಂಗಲಿಲ್ಲ. ಮಣಿ ಮಣಿಯಾಗಿ ಮೇಲೆಯೇ ನಿಂತಿತು. ಅಷ್ಟು ಚೆನ್ನಾಗಿ ಪಾಲಿಶ್ ಆಗಿತ್ತು.

ಕಾರ್ಯದರ್ಶಿಯೂ ಬಂದ. ಬಗ್ಗಿದ. ಮೊದಲು ಹಲಗೆ ಮುಟ್ಟಿ ನೋಡಿ, ಬೆರಳಿಗೆ ಬೆರಳು ಉಜ್ಜಿದ. "ಜಾರುತ್ತೆ," ಎಂದ ಹುಡುಗರ ಕಡೆ ತಿರುಗಿ. ಆಮೇಲೆ ಹುಡುಗಿಯನ್ನು ನೋಡಿದ.

ಆಸ್ಪತ್ರೆಯಲ್ಲಿ ನರ್ಸು ಚಿಮಟದಿಂದ ಸಿಬಿರುಗಳನ್ನು ಕಿತ್ತು ಸ್ಟೀಲಿನ ತಟ್ಟೆಗೆ ಹಾಕಿದಳು. ಟಣ್, ಟಣ್ ಎನ್ನುತ್ತಿತ್ತು. ತೊಡೆಯ ಮೂಳೆ ಮುರಿದಿತ್ತು. ನಡೀತಾಳೆ ಎಂದರು ಡಾಕ್ಟರು. ಸೈಕಲ್ಲಿನ ವಿಷಯಕ್ಕೆ ಏನೂ ಹೇಳಲಿಲ್ಲ.

"ಹಲಗೆಗೆ ಏನು ಹಚ್ಚಿದ್ದೆ?" ಎಂದಳು ಮಗಳು.

"ಪಾಲಿಶ್ ಕಣೇ. ಅವರೇ ಹಚ್ಚು ಅಂದ್ರು."

"ಹೋಟೆಲ್ದಾ?"

"ಹೂಂ."

ಗಿರಗಿಟ್ಲೆ ಗೋಡೆಯ ಕಡೆ ಮುಖ ತಿರುಗಿಸಿದಳು. ಮಾರನೆಯ ದಿನದವರೆಗೂ ಅಮ್ಮನ ಜೊತೆ ಮಾತಾಡಲಿಲ್ಲ.

ಮಾರನೆಯ ದಿನ ಕಾರ್ಯದರ್ಶಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದ. ಮಂಚದ ಕಾಲ ಬುಡದಲ್ಲಿ ನಿಂತ.

"ಯಾರದೂ ತಪ್ಪಲ್ಲ ಬಿಡು. ನೀನು ಒಂಚೂರು ಜಾಸ್ತಿ ಉಜ್ಜಿಬಿಟ್ಟೆ, ಅಷ್ಟೆ," ಎಂದ. "ಈಗ ಅದನ್ನ ತೆಗೀಬೇಕಲ್ಲ. ನಾಳಿದ್ದೇ ಉದ್ಘಾಟನೆ. ನಾಳೆ ಹೆಂಗಸರನ್ನ ಕರ್ಕೊಂಡು ಬಾ. ವಾಷಿಂಗ್ ಸೋಡಾ ಹಾಕಿ ಕೆರೆದು ತೆಗೆದುಬಿಡಿ."

"ಮಗಳು ಹೀಗೆ ಮಲಗಿದಾಳೆ ಸಾರ್."

"ಅವಳಿಗೋಸ್ಕರವೇ ಹೇಳ್ತಿರೋದು. ಕಾಲು ನೆಟ್ಟಗಾಗಲಿ, ಕ್ಲಬ್ಬಿಗೆ ಸೇರಿಸ್ಕೋತೀನಿ."

"ಮೊದಲ ಸುತ್ತು?"

"ಆಯ್ತಲ್ಲಮ್ಮ ಅದು."

"ಅರ್ಧಕ್ಕೇ ಬಿದ್ದಳಲ್ಲ ಸಾರ್. ಸುತ್ತು ಎಲ್ಲಿ ಆಯ್ತು?"

ಅವನು ಗಡಿಯಾರ ನೋಡಿಕೊಂಡ. "ಸರಿ. ಅವಳು ಎದ್ದು ಬರೋವರೆಗೂ ಯಾರೂ ಪೂರ್ತಿ ಸುತ್ತು ಹಾಕಲ್ಲ. ನಾಳಿದ್ದು ಬರೀ ರಿಬ್ಬನ್ನು. ಮಾತು ಹಾಗೇ ಇದೆ. ಸಾಕಾ?"

ಅವನು ಹೋದ ಮೇಲೆ ಮಗಳು ಬಾಯಿ ಬಿಟ್ಟಳು. "ಹೋಗಮ್ಮ. ಕೆರೆದು ಬಾ. ನೀನು ಜಗಳ ಆಡಿದ್ರೆ ನನ್ನನ್ನ ಗೇಟಿಗೂ ಬಿಡಲ್ಲ."

"ನಿನ್ನ ಕಾಲು ಮುರಿದಿದೆ ಕಣೇ."

"ಹಚ್ಚಿದೋಳು ನೀನು. ತೆಗೆಯೋಳೂ ನೀನೇ."

ಪಾಲಿಶಕ್ಕ ಹೋದಳು. ತಗಡಜ್ಜಿ, ಇಸ್ತ್ರಿಯವಳು, ಇನ್ನೂ ನಾಲ್ಕಾರು ಜನ ಗೊಣಗುತ್ತಲೇ ಬಂದರು. "ಹಚ್ಚು ಅಂದ್ರೆ ಹಚ್ಚು, ನೆಕ್ಕು ಅಂದ್ರೆ ನೆಕ್ಕು. ನಾಳೆ ಇನ್ನೇನು ಅಂತಾನೋ," ಎಂದಳು ಅಜ್ಜಿ. ಮತ್ತೆ ಹಗ್ಗ. ಮತ್ತೆ ಮಂಡಿ. ಸೋಡಾ ನೀರು ಬೆರಳಿನ ಬಿರುಕುಗಳಿಗೆ ಇಳಿದು ಉರಿಯಿತು. ತಂತಿ ಬ್ರಷ್ಷು ಹಲಗೆಗಿಂತ ಅಂಗೈಯನ್ನೇ ಹೆಚ್ಚು ಕೆರೆಯಿತು. ಎರಡನೆಯ ತಿರುವಿನ ಬುಡದಲ್ಲಿ ಮಗಳ ರಕ್ತ ಒಣಗಿ ಕಪ್ಪಾಗಿತ್ತು. ಸೋಡಾ ಬಿದ್ದದ್ದೇ ತಡ ಮತ್ತೆ ಕೆಂಪಾಗಿ ಹರಿಯಿತು. ಪಾಲಿಶಕ್ಕ ಅದನ್ನೂ ಉಜ್ಜಿದಳು. ಹಿಂಡಿದಳು. ಮತ್ತೆ ಉಜ್ಜಿದಳು.

ಸೋಡಾ ಮುಗಿಯಿತು. ತರಲು ಬಾಣಲೆಯ ಅಡಿಗೆ ಹೋದಳು. ಅಲ್ಲಿ ತೊಲೆಗಳ ನಡುವೆ ಸಾಮಾನು ಇಡುತ್ತಿದ್ದರು. ಉಳಿದ ಪಾಲಿಶಿನ ಡಬ್ಬಗಳೂ ಅಲ್ಲೇ ಇದ್ದವು. ಬಡಗಿ ಒಂದು ತೊಲೆಗೆ ಒರಗಿ ಬೀಡಿ ಸೇದುತ್ತಾ ಕೂತಿದ್ದ. ಇವಳನ್ನು ನೋಡಿ ಬೀಡಿ ಆರಿಸಿದ. ಅಷ್ಟರಲ್ಲಿ ತಲೆಯ ಮೇಲೆ ಬೂಟುಗಳ ಸದ್ದು. ಹಲಗೆಗಳ ಮೇಲೆ ಯಾರೋ ಬಂದು ನಿಂತರು. ಸಂದಿಯಿಂದ ಮಾತು ನೀರಿನಂತೆ ಕೆಳಗೆ ತೊಟ್ಟಿಕ್ಕಿತು.

"ಇದಕ್ಕೆ ಪಾಲಿಶ್ ಹಾಕೋ ಬುದ್ಧಿ ಯಾರಿಗೆ ಬಂತು?" ಹೋಟೆಲಿನ ಯಜಮಾನನ ದನಿ.

"ಫೋಟೋಗೆ ಬೇಕಿತ್ತು ಯಜಮಾನ್ರೇ. ಬಡಗಿ ಮೊದಲೇ ಹೇಳಿದ್ದ, ಜಾರುತ್ತೆ, ಚಕ್ರ ಹಿಡಿಯಲ್ಲ ಅಂತ. ಅವನ ಮಾತು ಎಷ್ಟು ನಿಜವೋ ಏನೋ. ಅದಕ್ಕೇ ಆ ಹುಡುಗೀನ ಹತ್ತಿಸಿ ನೋಡಿದ್ದು." ಇದು ಕಾರ್ಯದರ್ಶಿ.

"ಒಳ್ಳೇದೇ ಆಯ್ತು. ನನ್ನ ಮೊಮ್ಮಗ ಹತ್ತಿದ್ದಿದ್ರೆ?"

"ಅದೇ ಮತ್ತೆ. ಬಿದ್ದೋಳು ಅವಳು, ಬಚಾವಾದೋರು ನಾವು."

"ನಾಳೆ ಮೊದಲ ಸುತ್ತು ಮೊಮ್ಮಗನದೇ ತಾನೇ?"

"ಅದನ್ನ ಕೇಳಬೇಕಾ?"

ಬೂಟುಗಳು ಮುಂದೆ ಸರಿದವು. ಪಾಲಿಶಕ್ಕ ಬಡಗಿಯನ್ನು ನೋಡಿದಳು. ಅವನು ನೆಲ ನೋಡಿದ.

"ನಿನಗೆ ಗೊತ್ತಿತ್ತಾ ಅಣ್ಣ?"

"ಅವರಿಗೆ ಹೇಳಿದ್ದೆ."

"ನನಗೆ?"

"ಕೆಲಸ ಹೋಗ್ತಿತ್ತಮ್ಮ."

"ಅವಳು ನಿನ್ನನ್ನ ಮಾವ ಅಂತಿದ್ಲು."

ಪಾಲಿಶಕ್ಕ ಅವನ ಮುಖಕ್ಕೆ ಉಗಿಯಲಿಲ್ಲ. ಬಾಯಿ ಒಣಗಿತ್ತು. ಸೋಡಾದ ಚೀಲ ಅಲ್ಲೇ ಬಿಟ್ಟಳು. ಪಾಲಿಶಿನ ಡಬ್ಬ ಎತ್ತಿಕೊಂಡಳು. ಎರಡು ಕೈಗೆ ಎರಡು.

ಮೇಲೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಎರಡನೆಯ ತಿರುವಿನ ಮೇಲಂಚಿಗೆ ಮೆಟ್ಟಿಲಿತ್ತು. ಹತ್ತಿದಳು. ಕೆಳಗಿದ್ದ ಹೆಂಗಸರನ್ನು, "ಅತ್ಲಾಗೆ ಸರೀರಿ," ಎಂದಳು. ಸರಿದರು. ಡಬ್ಬದ ಮುಚ್ಚಳ ಕಿತ್ತು ಬಗ್ಗಿಸಿದಳು. ಪಾಲಿಶ್ ಎಣ್ಣೆಯಂತೆ ಗೋಡೆಯ ಮೇಲೆ ಅಗಲವಾಗಿ, ನಿಧಾನಕ್ಕೆ ಇಳಿಯಿತು. ಬೆಳಗಿನಿಂದ ಕೆರೆದದ್ದನ್ನೆಲ್ಲ ಮುಚ್ಚಿತು.

ಕಾರ್ಯದರ್ಶಿ ಓಡಿ ಬಂದ. "ಏನಮ್ಮ ಮಾಡ್ತಿದ್ದೀಯಾ?"

"ಶ್ರಮದಾನ ಸಾರ್."

"ತಲೆ ಕೆಟ್ಟಿದೆಯಾ ನಿನಗೆ? ಇಡು ಕೆಳಗೆ."

"ಬಡಗಿ ಹೇಳಿದ್ದು ನಿಜವೋ ಸುಳ್ಳೋ ನೋಡಬೇಕಿತ್ತಲ್ಲ ನಿಮಗೆ. ನೀವೇ ಹತ್ತಿ ನೋಡಿ. ನಿಮ್ಮ ಮಗನ್ನ ಹತ್ತಿಸಿ. ಯಜಮಾನ್ರ ಮೊಮ್ಮಗನ್ನ ಹತ್ತಿಸಿ. ನನ್ನ ಮಗಳೇ ಯಾಕೆ ಬೇಕಿತ್ತು?"

ಹೆಂಗಸರು ತಲೆ ಎತ್ತಿದರು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಕಾರ್ಯದರ್ಶಿಯ ಮುಖವೇ ಹೇಳಿತು. ಇಸ್ತ್ರಿಯವಳು ಕುಂಟುತ್ತಾ ಬಾಣಲೆಯ ಅಡಿಗೆ ಹೋದಳು. ಡಬ್ಬದೊಂದಿಗೆ ಹೊರಬಂದಳು. ಅವಳ ಹಿಂದೆ ಇನ್ನೊಬ್ಬಳು. ತಗಡಜ್ಜಿಗೆ ಮುಚ್ಚಳ ತೆಗೆಯಲು ಬರಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಕಚ್ಚಿ ನೋಡಿ, ಕೊನೆಗೆ ಬಡಗಿಯ ಉಳಿಯಲ್ಲೇ ತೂತು ಹೊಡೆದಳು.

"ಇನ್ಮೇಲೆ ಹೋಟೆಲಿಗೆ ಕಾಲಿಡಬೇಡ ನೀನು," ಎಂದು ಯಜಮಾನ ಕೆಳಗಿನಿಂದ ಕೂಗಿದ.

"ನಿಮ್ಮ ನೆಲ ನೀವೇ ಉಜ್ಜಿಕೊಳ್ಳಿ. ಮಂಡಿ ನಿಮಗೂ ಇದೆ."

ಕಾರ್ಯದರ್ಶಿ ಅವಳ ಕೈಯ ಡಬ್ಬ ಕಿತ್ತುಕೊಳ್ಳಲು ಮೆಟ್ಟಿಲು ಹತ್ತಿ ಮೇಲಂಚಿನಿಂದ ತಿರುವಿಗೆ ಕಾಲಿಟ್ಟ. ಕಾಲು ನಿಲ್ಲಲಿಲ್ಲ. ಹೊಸ ಬಿಳಿ ಪ್ಯಾಂಟಿನಲ್ಲಿ ಕುಂಡಿಯ ಮೇಲೆ ಕೂತು ಕೆಳಗಿನ ಅಂಚಿನವರೆಗೆ ಜಾರಿದ. ಏನೂ ಮುರಿಯಲಿಲ್ಲ.

"ಸಾರ್ದು ಮೊದಲ ಸುತ್ತು ಆಯ್ತಲ್ಲೇ," ಎಂದಳು ತಗಡಜ್ಜಿ.

ಹೆಂಗಸರು ನಕ್ಕರು. ವರ್ಷಗಳ ನಗು. ಆ ನಗೆಗೇ ಏಟು ಬಿದ್ದದ್ದು. ಕಾವಲುಗಾರರು ಬಂದರು, ಪೊಲೀಸರು ಬಂದರು. ತಗಡಜ್ಜಿಯನ್ನು ಎರಡು ಕಾಲು ಹಿಡಿದು ಎಳೆದರು. ಪಾಲಿಶಕ್ಕನನ್ನು ಜುಟ್ಟು ಹಿಡಿದು ಎಳೆದರು. ಸ್ಟೇಷನ್ನಿನಲ್ಲಿ ಅವಳನ್ನು ನೆಲದ ಮೇಲೆ ಕೂರಿಸಿ, ಬಲಗೈಯನ್ನು ಬೆಂಚಿನ ಮೇಲಿಡಿಸಿ, ಅಂಗೈಗೆ ಲಾಠಿಯಿಂದ ಹೊಡೆದರು. ಸೋಡಾ ಸುಟ್ಟ ಅಂಗೈ. ತಪ್ಪಾಯಿತು ಅನ್ನು ಎಂದರು. ಅವಳು ಅನ್ನಲಿಲ್ಲ. ಕೈ ಊದಿ ಹಂಡೆಯ ಮುಚ್ಚಳದಂತಾಯಿತು. ಆದರೂ ಅನ್ನಲಿಲ್ಲ.

ಉದ್ಘಾಟನೆ ನಡೆಯಿತು. ರಿಬ್ಬನ್ ಕತ್ತರಿಸಿದರು. ಹುಡುಗರು ಸೈಕಲ್ಲುಗಳನ್ನು ಕೈಯಲ್ಲಿ ಹಿಡಿದು ನೇರ ದಾರಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಯಾರೂ ಹತ್ತಲಿಲ್ಲ. ಮುಖ್ಯ ಅತಿಥಿ ತಿರುವನ್ನು ನೋಡಿ, ಎಷ್ಟು ಚೆನ್ನಾಗಿ ಹೊಳೆಯುತ್ತಿದೆ ಎಂದರಂತೆ.

ಪೊಲೀಸರು ಬಿಟ್ಟು ಕಳಿಸಿದ ದಿನ ಪಾಲಿಶಕ್ಕ ನೇರ ಆಸ್ಪತ್ರೆಗೆ ಹೋದಳು. ಮಗಳು ಅವಳ ಕೈಯನ್ನು ನೋಡಿದಳು.

"ಯಾಕಮ್ಮ ಸುರಿದೆ? ನನ್ನ ಜಾಗ ಹೋಯ್ತಲ್ಲ."

ಪಾಲಿಶಕ್ಕ ಹೇಳಿದಳು. ಹಲಗೆಯ ಅಡಿಯಲ್ಲಿ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಮಾವನ ವಿಷಯವನ್ನೂ ಹೇಳಿದಳು.

"ಹತ್ತಿಸಿ ನೋಡಿದ್ದು ಅಂದ್ರಾ?" ಎಂದಳು ಗಿರಗಿಟ್ಲೆ.

"ಹೂಂ."

"ಎಲ್ಲಾ ಡಬ್ಬ ಸುರಿದೆಯಾ?"

"ಎಲ್ಲಾ."

"ಏನೂ ಉಳಿಸಲಿಲ್ಲ ತಾನೇ?"

"ತಳ ಬಡಿದು ಬಡಿದು ಸುರಿದೆ ಕಣೇ."

ಮಗಳು ನಕ್ಕಳು. ನಕ್ಕಾಗ ತೊಡೆ ಎಳೆದು ಚೀರಿದಳು. ಆಮೇಲೆ ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ಪಾಲಿಶಕ್ಕ ಊದಿದ ಕೈಯನ್ನು ಅವಳ ಬೆನ್ನ ಮೇಲಿಟ್ಟು ಕೂತಳು. ಸವರಲು ಬೆರಳು ಬಗ್ಗುತ್ತಿರಲಿಲ್ಲ.

ಎರಡನೆಯ ತಿರುವಿನ ಹಲಗೆಗಳನ್ನು ಕ್ಲಬ್ಬು ಕೀಳಿಸಿತು. ಬೇರೆ ಕಡೆಯಿಂದ ಕೂಲಿಯವರನ್ನು ತಂದು, ಕೂಲಿ ಕೊಟ್ಟು, ಹೊಸ ಹಲಗೆ ಹಾಕಿಸಿತು. ಬಡಗಿಗೂ ಕೆಲಸ ಉಳಿಯಲಿಲ್ಲ. ಕೇರಿಗೂ ಬಾಣಲೆಗೂ ನಡುವೆ ಗೋಡೆ ಎದ್ದಿತು. ಬಟ್ಟೆ ಒಣಗಿಸಲು ಜಾಗವಿಲ್ಲದೆ ಹೆಂಗಸರು ಈಗ ಮನೆಯೊಳಗೇ ಹಗ್ಗ ಕಟ್ಟುತ್ತಾರೆ. ಗಿರಗಿಟ್ಲೆ ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಆಚೆಯಿಂದ ಹಲಗೆ ಗುಂಯ್ ಎಂದಿತು, ಚಪ್ಪಾಳೆ ಕೇಳಿಸಿತು. ಹೋಟೆಲಿನ ಯಜಮಾನನ ಮೊಮ್ಮಗ ಮೊದಲ ಸುತ್ತು ಹಾಕಿ ಮುಗಿಸಿದ.

ಕಾರ್ಯದರ್ಶಿ ಮಾತು ಮುರಿದ.